ಬಿಸಿಲಿಗೆ ಸಡಿಲುವ ಹಿಮ

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ನಾವು ಮರೆಯುವುದುಂಟೇ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳಾದ ಮೇಲೆ ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಉಸಿರಾಡುತ್ತಿದ್ದರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅದು ಕಡುಚಳಿಯ ದುರಂತ. ಹಾಗಾಗಿ ಯುಗಾದಿ ಕಳೆದರೆ ಗಂಡಾಂತರವೂ ಕಳೆಯಿತೆಂದು ಸೈನಿಕರ ಮನೆಯವರಿಗೆ, ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವ ಹುಡುಗರಿಗೆ ಅನಿಸುವುದು ಸಹಜ. ಆದರೆ ಸಿಕ್ಕಿಂನ ನಾಥೂಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಹಿಮದಡಿ ಸತ್ತದ್ದು 2023ರ ಏಪ್ರಿಲ್ 4ರಂದು. ಸಿಯಾಚಿನ್ ಬಳಿಯ ಗಯಾರಿಯಲ್ಲಿ ಪಾಕಿಸ್ತಾನದ 140 ಮಂದಿ ಹೂತುಹೋದದ್ದು 2012ರ ಏಪ್ರಿಲ್ 7ರಂದು.

ಬೆಟ್ಟದ ಹಿಮ ಒಂದೇ ಗಟ್ಟಿ ಅಲ್ಲ. ಸುರಿದ ಸರದಿಗೆ ಒಂದೊಂದು ಪದರ. ಚಳಿ ಹೆಚ್ಚಿದಾಗ ನೆಲದ ಬೆಚ್ಚನೆಯ ಕಡೆಯಿಂದ ಆವಿ ಮೇಲೇರಿ, ಅಡಿಯ ಹಿಮವನ್ನು ಒಂದಕ್ಕೊಂದು ಅಂಟದ ಹರಳುಗಳನ್ನಾಗಿ ಮಾಡುತ್ತದೆ. ಅದರ ಮೇಲೆ ಗಾಳಿ ಬಡಿದು ಬಿಗಿದ ಪದರ ಕೂತರೆ, ಜೋಳದ ಕಾಳು ಹರಡಿದ ಇಳಿಜಾರಿನಲ್ಲಿ ಹಲಗೆ ಇಟ್ಟಂತೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ಭಾರಕ್ಕೇ ಅದು ಕಿತ್ತುಕೊಂಡು ಬರಬಹುದು.

ವಸಂತದಲ್ಲಿ ಇದಕ್ಕೆ ನೀರು ಸೇರುತ್ತದೆ. ಮೇಲ್ಪದರ ಕರಗಿ ನೀರು ಒಳಗಿಳಿಯುತ್ತದೆ, ಕಣಗಳ ಹಿಡಿತ ಬಿಡಿಸುತ್ತದೆ, ಗಟ್ಟಿ ಪದರ ಸಿಕ್ಕಲ್ಲಿ ಅದರ ಮೇಲೆ ಹರಡಿ ಜಾರುಮಣೆ ಮಾಡುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಮೇಲ್ಭಾಗ ಮತ್ತೆ ಹೆಪ್ಪುಗಟ್ಟುತ್ತದೆ. ಮೋಡ ಮುಸುಕಿದ ರಾತ್ರಿ ಹೆಪ್ಪುಗಟ್ಟುವುದು ಅರೆಬರೆ. ಅನುಭವಿಗಳು ನಸುಕಿನಲ್ಲೇ ಇಳಿಜಾರು ದಾಟಿ, ಬಿಸಿಲೇರುವ ಮುನ್ನ ಮರಳುವುದು ಇದಕ್ಕೇ. ಕಾಲು ಮೊಣಕಾಲಿನವರೆಗೆ ಹುಗಿಯತೊಡಗಿದರೆ, ಮೇಲಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಿ ಬಂದರೆ, ಅಡಿಯಲ್ಲಿ ‘ಧಪ್’ ಎಂದು ಕುಸಿದ ಸದ್ದಾದರೆ, ಹಿಂದಿರುಗಲೇಬೇಕು. ಇಲ್ಲಿ ಧೈರ್ಯದ ಮಾತೇ ಬರುವುದಿಲ್ಲ.

ಹೂತವರನ್ನು ಕೊಲ್ಲುವುದು ಹೆಚ್ಚಾಗಿ ಉಸಿರುಕಟ್ಟುವಿಕೆ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುಪಾಲು ಜನ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಕೆಲವರು ಮಾತ್ರ. ಹನುಮಂತಪ್ಪ ಅವರ ಆರು ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ತೆಗೆಯಬೇಕಾದವರು ಜೊತೆಗಾರರೇ. ಸಂಕೇತ ಕಳಿಸುವ ಯಂತ್ರ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು.

ಚಂಡೀಗಢದಲ್ಲಿರುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಮಕ್ಕಳನ್ನು ಹಿಮದ ಚಾರಣಕ್ಕೆ ಕಳಿಸುವ ತಂದೆ-ತಾಯಿ ಶುಲ್ಕ ಎಷ್ಟೆಂದು ಕೇಳುವ ಮೊದಲು, ಆ ಮುನ್ಸೂಚನೆ ನೋಡುವವರು ಯಾರು, ಹವೆ ಕೆಟ್ಟರೆ ಹಣ ಕೊಟ್ಟವರನ್ನೂ ಅರ್ಧದಾರಿಯಿಂದ ಹಿಂದೆ ಕರೆತರುತ್ತೀರಾ ಎಂದು ಆಯೋಜಕರನ್ನು ಕೇಳಲಿ.