ಬೆಲೆಯ ಸುದ್ದಿ ಬೇಗ, ಬ್ಯಾಚ್‌ನ ಸುದ್ದಿ ತಡ

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಮೇಲಿನ ಜಿ.ಎಸ್.ಟಿ. ದರವು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಪರಿಷ್ಕೃತ ದರಪಟ್ಟಿಯನ್ನು ವಿತರಕರಿಗೂ ಚಿಲ್ಲರೆ ಅಂಗಡಿಗಳಿಗೂ ತಲುಪಿಸಬೇಕೆಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ತಯಾರಕರಿಗೆ ಮುಂಚಿತವಾಗಿಯೇ ಸೂಚಿಸಿತ್ತು. ಬೆಲೆಯ ಮಾಹಿತಿ ಯಾರಿಂದ ಯಾರಿಗೆ ಹೋಗಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ಆದರೆ ಯಾವುದೋ ಮಾತ್ರೆಯ ಒಂದು ಬ್ಯಾಚ್ ಪ್ರಯೋಗಾಲಯದಲ್ಲಿ ಅನುತ್ತೀರ್ಣವಾದರೆ ಆ ಸುದ್ದಿ ಪಾವಗಡದ ಔಷಧ ಅಂಗಡಿಗೆ ಬರುವ ದಾರಿ ಯಾವುದು? ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಅಂತಹ ಬ್ಯಾಚ್‌ಗಳ ಪಟ್ಟಿಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅದನ್ನು ತೆರೆದು ತನ್ನ ದಾಸ್ತಾನಿನೊಂದಿಗೆ ತಾಳೆ ನೋಡುವುದು ಅಂಗಡಿಕಾರನ ಅಥವಾ ಸ್ಟಾಕಿಸ್ಟರ ಶ್ರದ್ಧೆಗೆ ಬಿಟ್ಟ ವಿಷಯವಾಗಿ ಉಳಿದಿದೆ.

ಪಾವಗಡದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ತಾಲ್ಲೂಕಿನ ಎಲ್ಲೆಯ ಬಹುಪಾಲು ಆಂಧ್ರಪ್ರದೇಶದೊಂದಿಗೆ ಕೂಡಿಕೊಂಡಿದೆ. ಮಡಕಶಿರಾ, ಹಿಂದೂಪುರಗಳ ವೈದ್ಯರು ಬರೆದ ಚೀಟಿಗಳು ಇಲ್ಲಿಗೆ ಬರುತ್ತವೆ, ಇಲ್ಲಿನ ಚೀಟಿಗಳು ಅಲ್ಲಿಗೆ ಹೋಗುತ್ತವೆ. ರೋಗಿಗೆ ಗಡಿಯಿಲ್ಲ. ಔಷಧ ನಿಯಂತ್ರಣ ಇಲಾಖೆಗಳು ಮಾತ್ರ ಎರಡು. ಒಂದು ರಾಜ್ಯದ ಎಚ್ಚರಿಕೆ ಮತ್ತೊಂದು ರಾಜ್ಯದ ಅಂಗಡಿಗೆ ತಾನಾಗಿ ದಾಟಿ ಬರುವುದೆಂದು ನೆಚ್ಚಿ ಕೂರುವಂತಿಲ್ಲ.

ಇದರ ಮೇಲೆ ಫ್ಲೋರೈಡ್ ನೀರಿನ ಪೀಡೆ. ಮೂಳೆ, ಕೀಲುಗಳ ನೋವಿಗೆ ಡೈಕ್ಲೋಫೆನಾಕ್‌ನಂತಹ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೇಳಿ ಪಡೆದು ತಿಂಗಳುಗಟ್ಟಲೆ ನುಂಗುವ ವೃದ್ಧರಿಗೆ, ಅದು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲುದೆಂದು ತೆಲುಗಿನಲ್ಲೋ ಕನ್ನಡದಲ್ಲೋ ಹೇಳುವವರು ಬೇಕು. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ಈ ತಿಳಿವಳಿಕೆ ನೀಡುವುದನ್ನು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವೆಂದೇ ಪರಿಗಣಿಸಿದೆ. ಫಾರ್ಮಸಿಸ್ಟರ ಪ್ರಮಾಣಪತ್ರವನ್ನು ಮಾತ್ರ ಗೋಡೆಗೆ ತೂಗುಹಾಕಿ, ಕೌಂಟರಿನಲ್ಲಿ ಬೇರೆಯವರನ್ನು ನಿಲ್ಲಿಸುವ ಪದ್ಧತಿಗೆ ಈ ಕರ್ತವ್ಯ ನಿಲುಕುವುದಿಲ್ಲ.

ಹೇಳುವ ಮುನ್ನ ತಿಳಿಯಬೇಕು. ಅಂಗಡಿಗೆ ಬರುವ ಮಾಹಿತಿಯ ದೊಡ್ಡ ಪಾಲು ಕಂಪನಿ ಪ್ರತಿನಿಧಿಗಳ ಬಾಯಿಂದ ಬರುತ್ತದೆ, ಅದರ ಬೆನ್ನಿಗೇ ಹತ್ತಕ್ಕೆ ಒಂದು ಉಚಿತವೆಂಬ ಸ್ಕೀಮೂ ಬರುತ್ತದೆ. ಮಾರುವವನ ಮಾತನ್ನೇ ಮೂಲ ದಾಖಲೆಯೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ, ವೋಚರನ್ನು ಕೇಳುತ್ತಾನೆ. ಔಷಧದ ವಿಷಯದಲ್ಲಿ ವೋಚರೆಂದರೆ ಅನುಮೋದಿತ ಲೇಬಲ್, ಸರ್ಕಾರದ ಅಧಿಸೂಚನೆ ಮತ್ತು ಮಾರಾಟದಲ್ಲಿ ಪಾಲಿಲ್ಲದ ಪರಿಣತರ ಅಭಿಪ್ರಾಯ. ನಿಮೆಸುಲೈಡ್ ವರ್ಷಗಟ್ಟಲೆ ಮಕ್ಕಳ ಜ್ವರಕ್ಕೆ ಬಳಕೆಯಾಗಿ, 2011ರಲ್ಲಿ 12 ವರ್ಷದೊಳಗಿನವರಿಗೆ ನಿಷಿದ್ಧವಾಯಿತು. ನಿನ್ನೆ ಸರಿಯಿದ್ದ ಮಾಹಿತಿ ಇಂದು ತಪ್ಪಾಗಬಹುದು.

ಇಂತಹ ಪರಿಶೀಲನೆಗೆಂದು ಬೆಂಗಳೂರಿನ ವಿಜಯನಗರದಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು 1990ರ ದಶಕದಲ್ಲಿಯೇ ಔಷಧ ಮಾಹಿತಿ ಮತ್ತು ಸಂಶೋಧನಾ ಕೇಂದ್ರವನ್ನು ತೆರೆಯಿತು. ಅಡ್ಡಪರಿಣಾಮಗಳನ್ನು ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದರ ಶುಲ್ಕರಹಿತ ದೂರವಾಣಿ 1800-180-3024. ವೈದ್ಯರಷ್ಟೇ ಅಲ್ಲದೆ ಫಾರ್ಮಸಿಸ್ಟರೂ ರೋಗಿಗಳೂ ಅಲ್ಲಿಗೆ ವರದಿ ಮಾಡಬಹುದು.

ಪರಿಣತರ ಅಭಿಪ್ರಾಯವೂ ಒಮ್ಮೊಮ್ಮೆ ಇಬ್ಭಾಗವಾಗುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಬಾಣಂತಿಯರು ಮೃತಪಟ್ಟಾಗ, ಶಿರೆಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಎದ್ದಿತು. ಅದೇ ಉತ್ಪನ್ನದ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯವು ಹಿಂದೆ ತಿರಸ್ಕರಿಸಿತ್ತು, ಕೇಂದ್ರದ ಪ್ರಯೋಗಾಲಯವು ಸರಿಯೆಂದಿತ್ತು. ಎರಡು ವರದಿಗಳು ಹೊಂದದಿರುವಾಗ ಸರಕನ್ನು ತಡೆಹಿಡಿಯುವುದೇ ಸರಿ. ಲೆಕ್ಕದ ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಯಾರಾದರೂ ಖಾತೆ ಮುಗಿಸುತ್ತಾರೆಯೇ?

ತಡೆಹಿಡಿಯಲು ಮೊದಲು ಬ್ಯಾಚ್ ಗೊತ್ತಿರಬೇಕು. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಕಾಣಿಸುವ ನಿಯಮವು ತೆರಿಗೆಗಾಗಿ ಹುಟ್ಟಿದ್ದಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಡಿ ಕೆಲವು ಪ್ರತಿಜೀವಕಗಳೂ ಸೇರಿದಂತೆ ನಿಗದಿತ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ವೈದ್ಯರ ಮತ್ತು ರೋಗಿಯ ಹೆಸರು ಬರೆದು, 3 ವರ್ಷ ಕಾಪಾಡಬೇಕು. ಇದನ್ನು ಇನ್‌ಸ್ಪೆಕ್ಟರರ ಭಯಕ್ಕೆ ತುಂಬಿಸುವ ಪುಸ್ತಕವೆಂದು ಭಾವಿಸುವವರು ಉಂಟು. ಆದರೆ ಎಚ್ಚರಿಕೆಯ ಪಟ್ಟಿ ಬಂದ ದಿನ, ಎಚ್1 ಔಷಧವು ಯಾರ ಮನೆ ಸೇರಿದೆಯೆಂದು ತೋರಿಸುವುದು ಈ ಪುಸ್ತಕ, ಅದರೊಂದಿಗೆ ಬ್ಯಾಚ್ ನಮೂದಿಸಿದ ಬಿಲ್ಲು.

ಹಿಂತೆಗೆದ ಸರಕಿನ ನಷ್ಟ ಯಾರದು ಎಂಬ ಅಂಜಿಕೆಯೇ ಸುದ್ದಿಯನ್ನು ಅನೇಕ ವೇಳೆ ಕಟ್ಟಿಹಾಕುತ್ತದೆ. ಈ ಅಂಜಿಕೆಗೆ ಆಧಾರ ಕಡಿಮೆ. ಅವಧಿ ಮೀರಿದ ಔಷಧಗಳ ವಾಪಸಾತಿ ಕುರಿತು ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು 2018ರ ಅಕ್ಟೋಬರ್ 26ರಂದು ಹೊರಡಿಸಿದ 72ನೇ ಸುತ್ತೋಲೆಯು, ಬೇರೆ ಕಾರಣಕ್ಕೆ ಹಿಂದಿರುಗುವ ಸರಕಿಗೂ ಅನ್ವಯಿಸಬಹುದೆಂದು ತಿಳಿಸಿದೆ. ಅಂಗಡಿಕಾರರು ಸರಕನ್ನು ಹೊಸ ಪೂರೈಕೆಯೆಂದು ಬಿಲ್ ಮಾಡಿ ಕಳುಹಿಸಬಹುದು, ಇಲ್ಲವೇ ಸ್ಟಾಕಿಸ್ಟರಿಂದ ಕ್ರೆಡಿಟ್ ನೋಟ್ ಪಡೆಯಬಹುದು. ತೆರಿಗೆ ಹೊಂದಾಣಿಕೆಗೆ ಮಾತ್ರ ಕಾಲಮಿತಿಯಿದೆ: ಮೂಲ ಮಾರಾಟ ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30.

ಪಾವಗಡದ ಔಷಧ ವರ್ತಕರು ಒಟ್ಟುಗೂಡಿ ಒಬ್ಬ ಫಾರ್ಮಸಿಸ್ಟರಿಗೆ ಗೌರವಧನ ಕೊಟ್ಟು, ತಿಂಗಳ ಪಟ್ಟಿಯನ್ನು ಮೂಲದಿಂದಲೇ ಓದಿಸಿ, ಬ್ಯಾಚ್ ಸಂಖ್ಯೆಗಳನ್ನು ಕನ್ನಡ ಮತ್ತು ತೆಲುಗು ಟಿಪ್ಪಣಿಯೊಡನೆ ಎಲ್ಲ ಅಂಗಡಿಗಳಿಗೂ ಕಳುಹಿಸಿ, ತಲುಪಿದ್ದಕ್ಕೆ ಸಹಿ ಪಡೆಯಬಹುದು. ಈ ವೆಚ್ಚವನ್ನು ಅಂಗಡಿಗಳು ಹಂಚಿಕೊಂಡರೆ ತಲಾ ಬರುವ ಮೊತ್ತ ಅಲ್ಪ. ಮಡಕಶಿರಾ ಕಡೆಯ ವರ್ತಕರನ್ನೂ ಇದರಲ್ಲಿ ಸೇರಿಸಿಕೊಳ್ಳಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.