ತೃಪ್ತಿಗೆ ಯಾವ ಸೇರು?



ರಾಗಿ ಅಳೆಯೋಕೆ ಸೇರಿದೆ, ಬೆಲ್ಲ ತೂಗೋಕೆ ತಕ್ಕಡಿಯಿದೆ. ಮನುಷ್ಯನ ತೃಪ್ತಿ ಅಳೆಯೋಕೆ ಏನಿದೆ? ನಗಬೇಡಿ. ಚೀನಾದಲ್ಲಿ 1990ರಿಂದಲೂ ಅದನ್ನು ಅಳೆಯುತ್ತಿದ್ದಾರೆ. ಆ ಲೆಕ್ಕವನ್ನು ರೈತರು ಸ್ವಲ್ಪ ಕಣ್ಣಿಟ್ಟು ನೋಡಬೇಕು.

2002ರಲ್ಲಿ ಅಲ್ಲಿ ಸಾವಿರಾರು ಮನೆಗಳಿಗೆ ಹೋಗಿ, 'ಎಷ್ಟು ಸುಖವಾಗಿದ್ದೀರಿ?' ಎಂದು ಕೇಳಿದರು. ಬಹಳ ಸುಖ ಎಂದವರಿಗೆ 4 ಅಂಕ, ಸುಖವೇ ಇಲ್ಲ ಎಂದವರಿಗೆ ಸೊನ್ನೆ. ಆಕ್ಸ್‌ಫರ್ಡಿನ ಜಾನ್ ನೈಟ್ ಮತ್ತು ಜೊತೆಗಾರರು ಸರಾಸರಿ ತೆಗೆದರು. ಪಟ್ಟಣಿಗರಿಗೆ ಬಂದದ್ದು ಸುಮಾರು 2.5, ಹಳ್ಳಿಯವರಿಗೆ 2.7! ಪಟ್ಟಣಿಗನ ವರಮಾನ ಹಳ್ಳಿಯವನದಕ್ಕಿಂತ ಸುಮಾರು ಮೂರು ಪಟ್ಟು. ಆದರೂ ಸುಖ ಹಳ್ಳಿಯಲ್ಲೇ ಹೆಚ್ಚು.

ಅಧಿಕಾರದಲ್ಲಿ ಕೂತವರ ಕಿವಿಗೆ ಇದೆಷ್ಟು ಹಿತ ನೋಡಿ! 'ರೈತ ಬಡವ, ಆದರೆ ಸುಖಿ. ಅವನಿಗೆ ಇನ್ನೇನು ಕೊಡಬೇಕು?' ಅಂದುಬಿಡಬಹುದು. ತಡೀರಿ ಸ್ವಾಮಿ, ಅದೇ ಲೆಕ್ಕದ ಮುಂದಿನ ಸಾಲೂ ಓದಿ. ಹಳ್ಳಿ ಬಿಟ್ಟು ಪಟ್ಟಣಕ್ಕೆ ದುಡಿಯಲು ಹೋದವರಿಗೆ ಬಂದದ್ದು 2.4. ಕೈಗೆ ಕಾಸು ಹೆಚ್ಚು ಬಂತು, ಸುಖ ಇಳಿಯಿತು. ಯಾಕೆ? ಹಳ್ಳಿಯಲ್ಲಿದ್ದವನು ಪಕ್ಕದ ಮನೆಯವನಿಗೆ ತನ್ನನ್ನು ಹೋಲಿಸಿಕೊಳ್ಳುತ್ತಿದ್ದ. ಪಟ್ಟಣದಲ್ಲಿ ಪಟ್ಟಣಿಗನನ್ನು ಕಂಡ. ಹುಟ್ಟೂರಿಗೆ ಕಟ್ಟಿಹಾಕುವ 'ಹುಕೋ' ಎಂಬ ನೋಂದಣಿಯಿಂದಾಗಿ ಅಲ್ಲಿಯ ಶಾಲೆ, ಆಸ್ಪತ್ರೆ, ಪಿಂಚಣಿಯಲ್ಲಿ ಅವನಿಗೆ ಸಮಪಾಲು ಇರಲಿಲ್ಲ. ಅಂದರೆ ಹಳ್ಳಿಯಲ್ಲಿ ಸೇರು ಚಿಕ್ಕದಿತ್ತು, ಬೇಗ ತುಂಬಿತು, ಅಷ್ಟೆ!

ಇನ್ನೊಂದು ಲೆಕ್ಕ, ಇದು ಹೆಚ್ಚಾಗಿ ಪಟ್ಟಣಗಳದು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. 1990ರಿಂದ 2010ರೊಳಗೆ ಚೀನಾದಲ್ಲಿ ಒಬ್ಬೊಬ್ಬರ ಅನುಭೋಗ ನಾಲ್ಕು ಪಟ್ಟಾಯಿತು. ತೃಪ್ತಿ ಮಾತ್ರ ಮೊದಲು ಕುಸಿದು, ಆಮೇಲೆ ಕೊಂಚ ಚೇತರಿಸಿತು. ಮೇಲಿನ ಮೂರನೇ ಒಂದು ಪಾಲು ಜನರ ತೃಪ್ತಿ ಏರಿತು. ಕೆಳಗಿನ ಮೂರನೇ ಒಂದು ಪಾಲಿನವರದು ಇಳಿಯಿತು. ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗಟ್ಟಲೆ ಜನ ಹೊರಬಿದ್ದಿದ್ದರು. ಕೆಲಸದ ಜೊತೆ ಔಷಧಿ, ಪಿಂಚಣಿಯ ಭರವಸೆಯೂ ಹೋಯಿತು. ಚೀನೀಯರು 'ಕಬ್ಬಿಣದ ಅನ್ನದ ಬಟ್ಟಲು' ಅಂತಿದ್ದದ್ದೇ ಒಡೆಯಿತು. ನಾಳಿನ ಭಯ ಇದ್ದವನಿಗೆ ಇವತ್ತಿನ ಊಟ ರುಚಿಸೀತೆ?

ನಿಮ್ಮ ಜಗಲಿಗೂ ಯಾರಾದರೂ ಕಾಗದ ಹಿಡಿದು ಬಂದು 'ತೃಪ್ತಿಯಾಗಿದ್ದೀರಾ?' ಎಂದರೆ, ಮರ್ಯಾದೆಗೆ 'ಚೆನ್ನಾಗಿದ್ದೀವಿ' ಅಂದು ಕಳಿಸಬೇಡಿ. 'ಯಾರಿಗೆ ಹೋಲಿಸಿ?' ಅಂತ ಕೇಳಿ. ಬೆಳೆ ಮಾರಿದರೆ ಖರ್ಚು ಗಿಟ್ಟುತ್ತದೆಯೇ, ಕಾಯಿಲೆ ಬಂದರೆ ಸಾಲ ಮಾಡಬೇಕೇ, ಅದನ್ನೂ ಬರಕೊಳ್ಳಿ ಅನ್ನಿ. ನಮ್ಮ ಸಹನೆಯನ್ನು ಸುಖ ಅಂತ ನಾವೇ ಲೆಕ್ಕಕ್ಕೆ ಬರೆಸಿಕೊಡುವುದು ಬೇಡ.