ಬಕೆಟ್ ಬಿಟ್ಟು ನದಿಗೆ ಬನ್ನಿ

ಪ್ರತಿ ಪ್ರಾಜೆಕ್ಟ್ ಎಕ್ಸ್‌ಪೋದಲ್ಲೂ ‘ಸ್ಮಾರ್ಟ್ ವಾಟರ್ ಮಾನಿಟರಿಂಗ್’ ಅಂತ ಎರಡು-ಮೂರು ಟೇಬಲ್ ಇದ್ದೇ ಇರುತ್ತವೆ. ಒಂದು ಆರ್ಡುಯಿನೊ, ಪಿಎಚ್, ಟಿಡಿಎಸ್, ಟರ್ಬಿಡಿಟಿ ಸೆನ್ಸರ್, ಪಕ್ಕದಲ್ಲಿ ಒಂದು ಬಕೆಟ್ ನೀರು. ಮಣ್ಣು ಹಾಕಿದ ಕೂಡಲೇ ಆ್ಯಪ್‌ನಲ್ಲಿ ಕೆಂಪು ದೀಪ, ಚಪ್ಪಾಳೆ! ಆದರೆ ಮಣ್ಣು ಕಣ್ಣಿಗೇ ಕಾಣುತ್ತಲ್ವಾ? ಅದೇ ಬಕೆಟ್‌ಗೆ ಸ್ವಲ್ಪ ಕೀಟನಾಶಕ ಬೆರೆಸಿದರೆ ಈ ಮೂರೂ ಸೆನ್ಸರ್ ಹೆಚ್ಚುಕಮ್ಮಿ ಸುಮ್ಮನೇ ಇರುತ್ತವೆ.

ಗೋಕಾಕದ ಕಡೆ ನೋಡಿ. ಹಿಡಕಲ್ ಡ್ಯಾಮಿನಿಂದ ಬರುವ ಘಟಪ್ರಭೆ ಗೋಕಾಕ ದಾಟಿ ಮೂಡಲಗಿ ತಾಲ್ಲೂಕಿಗೆ ಹೋಗುತ್ತೆ. ಈ ಸೀಮೆ ತುಂಬ ಕಬ್ಬು, ಸಕ್ಕರೆ ಕಾರ್ಖಾನೆ. ಕಾರ್ಖಾನೆಯ ಕೊಳೆನೀರಿನಲ್ಲಿರುವ ಸಕ್ಕರೆ ಅಂಶ ವಿಷವೇನಲ್ಲ. ಆದರೆ ಶುದ್ಧೀಕರಿಸದೆ ನದಿಗೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಕಬ್ಬು ನುರಿಸುವ ಹಂಗಾಮೂ ಮಳೆ ನಿಂತು ನದಿ ಸೊರಗುವ ಕಾಲವೂ ಒಂದೇ.

ಲ್ಯಾಬ್‌ನಲ್ಲಿ ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ 3 ದಿನ ಬೇಕು. ರಿಪೋರ್ಟ್ ಬರೋ ಹೊತ್ತಿಗೆ ಆ ನೀರು ಎಷ್ಟೋ ಊರು ದಾಟಿರುತ್ತೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸಕ್ಕರೆ, ಡಿಸ್ಟಿಲರಿ ಸೇರಿ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ಮೀಟರ್ ಅಳವಡಿಸಲು ಹೇಳಿತು. ಒಳ್ಳೆಯದೇ. ಆದರೆ ಆ ಮೀಟರ್ ಕಾಯೋದು ಕಾರ್ಖಾನೆಯ ಪೈಪನ್ನು, ನದಿಯನ್ನಲ್ಲ. ಹೊಲಕ್ಕೆ ಹೊಡೆದ ಔಷಧಿ ಹರಿದು ಬಂದರೆ ಅದಕ್ಕೆ ಗೊತ್ತೇ ಆಗಲ್ಲ.

1986ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು, ಕೀಟನಾಶಕ ರೈನ್ ನದಿ ಸೇರಿ ಮೀನುಗಳು ರಾಶಿ ರಾಶಿ ಸತ್ತವು. ಆ ಮೇಲೆ ಅಲ್ಲಿನ ನಿಗಾ ಕೇಂದ್ರಗಳಲ್ಲಿ ಡ್ಯಾಫ್ನಿಯಾ ಎಂಬ ಪುಟ್ಟ ಜೀವಿಗಳನ್ನು ನದಿ ನೀರಿನಲ್ಲಿಟ್ಟು ಕ್ಯಾಮೆರಾದಿಂದ ಗಮನಿಸುವ ಪದ್ಧತಿ ಬೆಳೆಯಿತು. ಅವುಗಳ ಈಜು ಬದಲಾದರೆ ಅಲಾರಂ. ಯಾವ ವಿಷ ಅಂತ ಆಮೇಲೆ ಲ್ಯಾಬ್ ಹೇಳುತ್ತೆ. ಏನೋ ಸರಿಯಿಲ್ಲ ಅನ್ನೋದು ಮೊದಲೇ ಗೊತ್ತಾಗುತ್ತೆ.

ನಮ್ಮ ಪ್ರಾಜೆಕ್ಟ್‌ಗಳೂ ಹೀಗೆ ಯೋಚಿಸಬೇಕು ಅನ್ನೋದು ನನ್ನ ವಾದ. ಊರಿನ ಮೇಲೊಂದು, ಕೆಳಗೊಂದು ಆಮ್ಲಜನಕದ ಸೆನ್ಸರ್ ಇಟ್ಟರೆ ಎರಡರ ವ್ಯತ್ಯಾಸವೇ ಕಥೆ ಹೇಳುತ್ತೆ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನಿಗೆ ಕಷ್ಟಕಾಲ. ಸೆನ್ಸರ್ ಮೇಲೆ ಪಾಚಿ ಕಟ್ಟುತ್ತೆ, ಕ್ಯಾಲಿಬ್ರೇಷನ್ ತಪ್ಪುತ್ತೆ, ಪ್ರವಾಹಕ್ಕೆ ಕೊಚ್ಚಿಯೂ ಹೋಗಬಹುದು. ಇಂಜಿನಿಯರಿಂಗ್ ಶುರುವಾಗೋದೇ ಅಲ್ಲಿ.

ಇನ್ನೊಂದು ಮಾತು. ಅಲರ್ಟ್ ಯಾರಿಗೆ ಹೋಗಬೇಕು? ನಮ್ಮ ಡ್ಯಾಶ್‌ಬೋರ್ಡ್‌ಗಲ್ಲ, ಕೆಳಗಿನ ಊರಿನ ವಾಟರ್‌ಮನ್ ಫೋನಿಗೆ, ಕನ್ನಡದಲ್ಲಿ. ಪಂಪ್ ಬಂದ್ ಮಾಡೋ ಸ್ವಿಚ್ ಇರೋದು ಅವರ ಕೈಯಲ್ಲಿ.